ಆಕಾಶಕ್ಕೊಂದು ಅರ್ಜಿ

ಅರ್ಜಿ ಅಂದಕೂಡಲೇ ನಮಗೆ ನೆನಪಾಗುವುದು ತಾಲ್ಲೂಕು ಕಚೇರಿ. ಹೆಸರು, ತಂದೆಯ ಹೆಸರು, ಹೋಬಳಿ, ಸರ್ವೆ ನಂಬರು, ಕೊನೆಗೆ ಸಹಿ. ಒಂದು ಕಾಲಂ ಖಾಲಿ ಬಿಟ್ಟರೂ ಗುಮಾಸ್ತರು ಕನ್ನಡಕದ ಮೇಲಿಂದ ಒಮ್ಮೆ ನೋಡಿ ಕಾಗದ ವಾಪಸ್ ಕೊಡುತ್ತಾರೆ. ಇವತ್ತು ನಾನು ಹೇಳಹೊರಟಿರುವುದೂ ಒಂದು ಅರ್ಜಿಯ ವಿಷಯವೇ. ಇದರಲ್ಲಿ ಕೇಳುವುದು ಜಮೀನಲ್ಲ, ಪಡಿತರ ಚೀಟಿಯಲ್ಲ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಇರುವ ಒಂದು ದೂರದರ್ಶಕದ ಸಮಯ. ಐದು ಗಂಟೆ, ಎಂಟು ಗಂಟೆ, ಧೈರ್ಯವಿದ್ದವರು ನೂರು ಗಂಟೆ.

ಆ ದೂರದರ್ಶಕದ ಹೆಸರು ಜೇಮ್ಸ್ ವೆಬ್. 2021ರ ಡಿಸೆಂಬರ್ 25ರಂದು ಫ್ರೆಂಚ್ ಗಯಾನಾದಿಂದ ಹಾರಿತು. ಅದರ ಕನ್ನಡಿಯ ಅಗಲ ಆರೂವರೆ ಮೀಟರ್, ಅದೂ 18 ತುಂಡುಗಳನ್ನು ಜೋಡಿಸಿ ಮಾಡಿದ್ದು. ಬೆನ್ನ ಹಿಂದೆ ಟೆನಿಸ್ ಅಂಗಳದಷ್ಟು ದೊಡ್ಡ ಪರದೆ, ಬಿಸಿಲು ತಾಗದ ಹಾಗೆ. ನೋಡುವುದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು. ಅಮೆರಿಕ, ಯುರೋಪು, ಕೆನಡಾ ಸೇರಿ ಕಟ್ಟಿದ ಯಂತ್ರ ಇದು. ಇದರ ಸಮಯವನ್ನು ಹಂಚುವ ಕಚೇರಿ ಅಮೆರಿಕದ ಬಾಲ್ಟಿಮೋರ್ ಊರಿನಲ್ಲಿದೆ. ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಶುಲ್ಕವಿಲ್ಲ. ಪ್ರೊಫೆಸರೇ ಆಗಿರಬೇಕೆಂದಿಲ್ಲ, ಸಂಶೋಧನಾ ವಿದ್ಯಾರ್ಥಿಯೂ ಮುಖ್ಯ ಅರ್ಜಿದಾರನಾಗಬಹುದು.

ಇಷ್ಟು ಉದಾರವಾಗಿ ಬಾಗಿಲು ತೆರೆದರೆ ಸಾಲು ಎಷ್ಟುದ್ದ ಇರುತ್ತದೆ, ನೀವೇ ಊಹಿಸಿ. 2024ರ ಅಕ್ಟೋಬರ್‌ನಲ್ಲಿ ಮುಗಿದ ನಾಲ್ಕನೆಯ ಸುತ್ತಿಗೆ ಬಂದ ಅರ್ಜಿಗಳು 2,377. ಅವರೆಲ್ಲ ಕೇಳಿದ ಸಮಯ ಕೂಡಿದರೆ ಸುಮಾರು 78,000 ಗಂಟೆ. ವರ್ಷಕ್ಕಿರುವುದೇ 8,760 ಗಂಟೆ. ಅಂದರೆ ಒಂದು ವರ್ಷದ ಹಂಚಿಕೆಗೆ ಒಂಬತ್ತು ವರ್ಷದ ಬೇಡಿಕೆ. ಕೊನೆಯ ಗಡುವು ಬಾಲ್ಟಿಮೋರಿನ ರಾತ್ರಿ ಎಂಟು ಗಂಟೆ. ನಮ್ಮಲ್ಲಿ ಆಗ ಮರುದಿನ ಬೆಳಗಿನ ಐದೂವರೆ. ಇಲ್ಲಿಂದ ಅರ್ಜಿ ಹಾಕುವವರಿಗೆ ಆ ರಾತ್ರಿ ಶಿವರಾತ್ರಿಯೇ.

ಜನರಲ್ಲಿ ಒಂದು ಕಲ್ಪನೆ ಇದೆ: ಖಗೋಳ ವಿಜ್ಞಾನಿ ಅಂದರೆ ರಾತ್ರಿಯೆಲ್ಲ ದೂರದರ್ಶಕಕ್ಕೆ ಕಣ್ಣು ಹಚ್ಚಿ ಕೂತವನು ಅಂತ. ವೆಬ್ ವಿಷಯದಲ್ಲಿ ಅಂಥ ಕುರ್ಚಿಯೇ ಇಲ್ಲ. ಅದನ್ನು ತಿರುಗಿಸುವ ಹಿಡಿಕೆ ವಿಜ್ಞಾನಿಯ ಕೈಗೆ ಸಿಗುವುದು ಒಂದೇ ಕಡೆ, ಈ ಅರ್ಜಿಯ ಕಾಲಂಗಳಲ್ಲಿ. ಅಲ್ಲಿ ತುಂಬಿದ ಅಂಕಿಗಳೇ ಮುಂದೆ ಆದೇಶಗಳಾಗಿ ಮೇಲೆ ಹೋಗುತ್ತವೆ. ತಪ್ಪು ಅಂಕಿ ತುಂಬಿದರೆ ಕನ್ನಡಿ ಆ ತಪ್ಪು ಜಾಗಕ್ಕೇ ಬಹಳ ನಿಷ್ಠೆಯಿಂದ ತಿರುಗುತ್ತದೆ.

ಅರ್ಜಿ ತುಂಬಲು ಒಂದು ತಂತ್ರಾಂಶವಿದೆ. ಮೊದಲ ಪುಟದಲ್ಲಿ ಕಾರ್ಯಕ್ರಮದ ವಿವರ: ಶೀರ್ಷಿಕೆ, ಕೆಲವು ಸಾಲಿನ ಸಾರಾಂಶ, ವಿಷಯದ ವರ್ಗ, ಸೂಚಕ ಪದಗಳು, ತಂಡದವರು. ನೋಡಲು ಇದೇ ಅತ್ಯಂತ ಸಪ್ಪೆ ಪುಟ. ಅನುಭವಿಗಳು ಮಾತ್ರ ಇಲ್ಲೇ ಹೆಚ್ಚು ಹೊತ್ತು ಕೂರುತ್ತಾರೆ. ಯಾಕೆಂದರೆ ಅರ್ಜಿ ಯಾವ ಪರಿಣತರ ಮೇಜಿಗೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ವಿಷಯದ ವರ್ಗ. ಧೂಳಿನ ತಟ್ಟೆಯೊಳಗೆ ಈಗಷ್ಟೇ ಹುಟ್ಟುತ್ತಿರುವ ಗ್ರಹ ಇದೆ ಅನ್ನೋಣ. ಅದನ್ನು ಗ್ರಹಗಳ ಕೆಳಗೆ ಹಾಕುವುದೋ, ನಕ್ಷತ್ರಗಳ ಜನನದ ಕೆಳಗೋ? ಎರಡೂ ಸರಿಯೇ. ಆದರೆ ಓದುವವರು ಬೇರೆ, ಅವರಿಗೆ ಮುಖ್ಯವೆನಿಸುವುದೂ ಬೇರೆ. ಸರ್ವೆ ವಿಭಾಗಕ್ಕೆ ಹೋಗಬೇಕಾದ ಕಾಗದ ಬೇರೆ ಟಪಾಲಿಗೆ ಬಿದ್ದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ತಂಡದವರ ಹೆಸರಿನ ಕಾಲಂನಲ್ಲಿ ಒಂದು ಸ್ವಾರಸ್ಯವಿದೆ. ಹೆಸರು ತುಂಬಬೇಕು, ಆದರೆ ಪರಿಶೀಲಿಸುವವರಿಗೆ ಅದು ಕಾಣಿಸುವುದಿಲ್ಲ. ಬರೆದವರು ಯಾರೆಂದು ಓದುವವರಿಗೆ ಗೊತ್ತಿಲ್ಲ, ಓದುವವರು ಯಾರೆಂದು ಬರೆದವರಿಗೆ ಗೊತ್ತಿಲ್ಲ. ವೆಬ್‌ಗಿಂತ ಮೊದಲಿನ ಹಬಲ್ ದೂರದರ್ಶಕದಲ್ಲಿ 2018ರಲ್ಲಿ ಈ ಪದ್ಧತಿ ಶುರುವಾಯಿತು. ಅದಕ್ಕೆ ಮುಂಚೆ ಹಲವು ವರ್ಷಗಳ ಲೆಕ್ಕ ತೆಗೆದು ನೋಡಿದ್ದರು. ಮಹಿಳೆಯರು ಮುಂದಾಳಾಗಿದ್ದ ಅರ್ಜಿಗಳು ಮಂಜೂರಾಗುವ ಪ್ರಮಾಣ ಸುತ್ತು ಸುತ್ತಿಗೂ ಸ್ವಲ್ಪ ಕಡಿಮೆಯೇ ಇತ್ತು. ಹೆಸರು ಮುಚ್ಚಿದ ಮೊದಲ ಸುತ್ತಿನಲ್ಲಿ ಬಂದ ಅರ್ಜಿ 489. ಮಹಿಳೆಯರ ಅರ್ಜಿಗಳಲ್ಲಿ ಶೇಕಡಾ 8.7 ಗೆದ್ದವು, ಪುರುಷರ ಅರ್ಜಿಗಳಲ್ಲಿ ಶೇಕಡಾ 8. ವ್ಯತ್ಯಾಸ ಸಣ್ಣದು, ಒಂದೇ ಸುತ್ತಿನದು. ಇದರಿಂದ ದೊಡ್ಡ ತೀರ್ಮಾನಕ್ಕೆ ಹಾರುವುದು ಬೇಡ. ಆದರೂ ತಕ್ಕಡಿ ಮೊದಲ ಸಲ ಆ ಕಡೆ ವಾಲಿತಲ್ಲ ಎಂಬುದು ನನಗೆ ಸಣ್ಣ ಸಂಗತಿ ಅನ್ನಿಸುವುದಿಲ್ಲ.

ಹೆಸರು ಅಳಿಸಿದರೆ ಮುಗಿಯಿತೇ? ಇಲ್ಲ. ಬರವಣಿಗೆಯೂ ಬದಲಾಗಬೇಕು. "ನಾವು ಹಿಂದೆ ತೋರಿಸಿಕೊಟ್ಟಂತೆ" ಅಂತ ಬರೆದಿರೋ, ಗುಟ್ಟು ರಟ್ಟಾಯಿತು. ತನ್ನದೇ ಸಂಶೋಧನೆಯನ್ನು ಬೇರೆ ಯಾರೋ ಮಾಡಿದ್ದು ಎಂಬಂತೆ ದೂರ ನಿಂತು ಉಲ್ಲೇಖಿಸಬೇಕು. ಇದು ಕೆಲವು ಹಿರಿಯರಿಗೆ ಬಹಳ ಕಷ್ಟವಾಯಿತಂತೆ. ಆಗುವುದೇ! ನಾನು, ನನ್ನದು ಎನ್ನದೆ ನಾಲ್ಕು ಪುಟ ಬರೆಯುವುದು ಯಾವ ಕಸುಬಿನಲ್ಲೂ ಸುಲಭವಲ್ಲ. ತಂಡದವರ ಅರ್ಹತೆಯನ್ನು ಬೇರೆ ಹಾಳೆಯಲ್ಲಿ ಕೊಡಬೇಕು, ಅದನ್ನು ತೆರೆಯುವುದು ಅರ್ಜಿಗಳ ಪಟ್ಟಿ ಗಟ್ಟಿಯಾದ ಮೇಲೆ. ವಶೀಲಿ ಅನ್ನುವ ನಮ್ಮ ಹಳೆಯ ಪದಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲ.

ಮುಂದಿನ ಕಾಲಂ, ದತ್ತಾಂಶ ಎಷ್ಟು ಕಾಲ ನಿಮಗೆ ಮಾತ್ರ ಸೇರಿರಬೇಕು ಎನ್ನುವುದು. ಸಣ್ಣ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಒಂದು ವರ್ಷದವರೆಗೆ ಸಿಗುತ್ತದೆ. ಆಮೇಲೆ ಅದು ಲೋಕದ ಸೊತ್ತು. ಬೇಡವೆಂದು ಸೊನ್ನೆಯನ್ನೂ ತುಂಬಬಹುದು. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ ಇದು. ವಿಜ್ಞಾನದಲ್ಲಿ ಟವೆಲ್ ಯಾಕೆ, ಎಲ್ಲ ಬಂದ ದಿನವೇ ಎಲ್ಲರಿಗೂ ಸಿಗಲಿ ಎನ್ನುವವರು ಇದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಒಬ್ಬ ವಿದ್ಯಾರ್ಥಿನಿ, ಒಬ್ಬ ಮಾರ್ಗದರ್ಶಕ, ಒಂದು ಹಳೆಯ ಕಂಪ್ಯೂಟರ್ ಇರುವ ವಿಭಾಗವೂ, ಐವತ್ತು ಜನರ ದೊಡ್ಡ ತಂಡವೂ ಒಂದೇ ಗೆರೆಯಿಂದ ಓಡಿದರೆ ಮೊದಲು ಮುಟ್ಟುವವರು ಯಾರು? ಚಿಕ್ಕ ಊರಿನಿಂದ ಹತ್ತುವವರಿಗೆ ಟವೆಲ್ ಬೇಕು ಅನ್ನುವ ಪಕ್ಷ ನನ್ನದು.

ಈಗ ಆಕಾಶದ ಕಡೆ ಬರೋಣ. ಏನನ್ನು ನೋಡಬೇಕು? ಊರಿಗೆ ಅಕ್ಷಾಂಶ ರೇಖಾಂಶ ಇರುವ ಹಾಗೆ ಆಕಾಶದ ಪ್ರತಿ ಬಿಂದುವಿಗೂ ಎರಡು ಅಂಕಿಗಳ ವಿಳಾಸವಿದೆ. ಪಟ್ಟಿ ನೋಡಿ ಬರೆದರಾಯಿತು ಅಂದುಕೊಳ್ಳುತ್ತೇವೆ. ಆದರೆ ನಕ್ಷತ್ರಗಳು ಸ್ಥಿರವಲ್ಲ. ಬರ್ನಾರ್ಡ್‌ನ ನಕ್ಷತ್ರ ಎಂಬುದೊಂದಿದೆ. ನಮ್ಮಿಂದ ಆರು ಜ್ಯೋತಿರ್ವರ್ಷ ದೂರ, ಬರಿಗಣ್ಣಿಗೆ ಕಾಣದ ಕೆಂಪು ಕುಬ್ಜ. ಅದು ಆಕಾಶದಲ್ಲಿ ವರ್ಷಕ್ಕೆ ಹತ್ತು ಸೆಕೆಂಡಿಗಿಂತ ತುಸು ಹೆಚ್ಚು ಸರಿಯುತ್ತದೆ. ಇಲ್ಲಿ ಸೆಕೆಂಡ್ ಅಂದರೆ ಕೋನದ ಅಳತೆ, ಒಂದು ಡಿಗ್ರಿಯ 3,600ನೇ ಪಾಲು. ಹಳೆಯ ಪಟ್ಟಿಗಳು 2000ನೇ ಇಸವಿಯ ವಿಳಾಸ ಕೊಡುತ್ತವೆ. ಅದನ್ನೇ ಹಾಗೇ ತುಂಬಿದರೆ 25 ವರ್ಷದಲ್ಲಿ ನಕ್ಷತ್ರ ಆ ಬಿಂದುವಿನಿಂದ 250 ಸೆಕೆಂಡಿಗೂ ಆಚೆ ಹೋಗಿರುತ್ತದೆ. ವೆಬ್‌ನಲ್ಲಿ ಬೆಳಕನ್ನು ಬಿಡಿಸಿ ರೋಹಿತ ತೆಗೆಯುವ ಉಪಕರಣವೊಂದಿದೆ. ಅದರೊಳಗೆ ಸುಮಾರು ಎರಡೂವರೆ ಲಕ್ಷ ಪುಟಾಣಿ ಬಾಗಿಲುಗಳು, ಒಂದೊಂದರ ಅಗಲ ಒಂದು ಸೆಕೆಂಡಿನ ಐದನೇ ಒಂದು ಪಾಲು. ಅಂಥ ಬಾಗಿಲಿನ ಎದುರು ಬಂದು ನಿಲ್ಲಬೇಕಾದ ನಕ್ಷತ್ರ ಇನ್ನೆಲ್ಲೋ ಇರುತ್ತದೆ. ಬಾಡಿಗೆದಾರ ಮನೆ ಬದಲಿಸಿ ಕಾಲು ಶತಮಾನವಾದ ಮೇಲೆ ಹಳೆಯ ಮನೆಯ ಬಾಗಿಲು ತಟ್ಟಿದ ಹಾಗೆ. ಅದಕ್ಕೇ ಪಕ್ಕದಲ್ಲಿ ಇನ್ನೆರಡು ಕಾಲಂ: ಈ ವಿಳಾಸ ಯಾವ ಇಸವಿಯದು, ನಕ್ಷತ್ರ ವರ್ಷಕ್ಕೆ ಎತ್ತ ಎಷ್ಟು ಸರಿಯುತ್ತದೆ.

ಎಲ್ಲಿ ಎಂಬುದಾಯಿತು. ಯಾವಾಗ? ವೆಬ್ ತನ್ನ ಪರದೆಯ ನೆರಳಿನಿಂದ ಹೊರಗೆ ಬರುವಂತಿಲ್ಲ. ಹಾಗಾಗಿ ಸೂರ್ಯನಿಂದ 85 ಡಿಗ್ರಿಯಿಂದ 135 ಡಿಗ್ರಿವರೆಗಿನ ಪಟ್ಟಿಯಷ್ಟೇ ಅದಕ್ಕೆ ಕಾಣುವ ಆಕಾಶ. ಯಾವುದೇ ದಿನ ನೋಡಿದರೂ ಆಕಾಶದ ಶೇಕಡಾ 40ರಷ್ಟು ಮಾತ್ರ. ರಾಶಿಚಕ್ರದ ದಾರಿಯಲ್ಲಿರುವ ಕಾಯಗಳಿಗೆ ವರ್ಷದಲ್ಲಿ ಎರಡು ಸಲ, ಒಂದೊಂದು ಸಲಕ್ಕೆ 50 ದಿನದಷ್ಟು ಅವಕಾಶ. ಆ ದಿನಗಳಲ್ಲೇ ಕೆಲಸ ಆಗಬೇಕು. ಕೆಲವು ಕಾಯಗಳಿಗೆ ದಿನವಷ್ಟೇ ಅಲ್ಲ, ಗಳಿಗೆಯೂ ಕೂಡಿಬರಬೇಕು.

ಕನ್ಯಾ ರಾಶಿಯ ದಿಕ್ಕಿನಲ್ಲಿ 700 ಜ್ಯೋತಿರ್ವರ್ಷ ದೂರದಲ್ಲಿ ವಾಸ್ಪ್-39 ಎಂಬ ನಕ್ಷತ್ರವಿದೆ. ಅದರ ಸುತ್ತ ಶನಿಯಷ್ಟು ತೂಕದ, ಗುರುಗ್ರಹಕ್ಕಿಂತ ಊದಿಕೊಂಡ ಒಂದು ಬಿಸಿ ಗ್ರಹ ನಾಲ್ಕು ದಿನಕ್ಕೊಮ್ಮೆ ಸುತ್ತುತ್ತದೆ. ಸರಿಯಾಗಿ ಹೇಳಬೇಕೆಂದರೆ 4.055 ದಿನಕ್ಕೆ. ಪ್ರತಿ ಸುತ್ತಿನಲ್ಲೂ ಮೂರು ಗಂಟೆಗೆ ತುಸು ಕಡಿಮೆ ಹೊತ್ತು ನಕ್ಷತ್ರದ ಮುಖಕ್ಕೆ ಅಡ್ಡ ಹಾಯುತ್ತದೆ. 2004ರಲ್ಲಿ, ಮತ್ತೆ 2012ರಲ್ಲಿ ಶುಕ್ರ ಸಂಕ್ರಮಣ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ, ಸೂರ್ಯನ ಮೇಲೆ ಎಳ್ಳಿನಷ್ಟು ಕಪ್ಪು ಚುಕ್ಕೆ ನಡೆದು ಹೋದದ್ದು. ಇಲ್ಲಿ ಚುಕ್ಕೆ ಕಾಣುವುದಿಲ್ಲ, ನಕ್ಷತ್ರದ ಬೆಳಕು ಒಂದಿಷ್ಟು ಇಳಿಯುತ್ತದೆ, ಅಷ್ಟೇ. ಗ್ರಹದ ಗಾಳಿಯನ್ನು ಸೋಸಿಕೊಂಡು ಬರುವ ಆ ಬೆಳಕಿನಲ್ಲೇ ಎಲ್ಲ ಸುದ್ದಿ ಇರುವುದು.

ಇದಕ್ಕೆಂದು ಅರ್ಜಿಯಲ್ಲಿ ವಿಶೇಷ ಷರತ್ತಿನ ಕಾಲಂ ಇದೆ. ಅಲ್ಲಿ ಗ್ರಹದ ಸುತ್ತುವ ಅವಧಿ ಬರೆಯಬೇಕು. ಹಿಂದೆ ಎಂದೋ ಒಮ್ಮೆ ಅದು ಸರಿಯಾಗಿ ನಕ್ಷತ್ರದ ನಡುವೆ ಹಾದ ಕ್ಷಣವನ್ನು ಬರೆಯಬೇಕು. ಸುತ್ತಿನ ಯಾವ ಘಟ್ಟದಲ್ಲಿ ನೋಟ ಶುರುವಾಗಬೇಕು ಎಂಬುದನ್ನೂ ಬರೆಯಬೇಕು. ಮುಂದಿನ ಸಂಕ್ರಮಣಗಳನ್ನು ಲೆಕ್ಕ ಹಾಕುವುದು ಯಂತ್ರದ ಕೆಲಸ, ಪಂಚಾಂಗದವರು ಗ್ರಹಣ ಗುಣಿಸಿದ ಹಾಗೆ. ಆದರೆ ಮೂಲ ಅಂಕಿ ಪಕ್ಕಾ ಇರಬೇಕು. ಅವಧಿಯಲ್ಲಿ ಒಂದೇ ಒಂದು ಸೆಕೆಂಡು ತಪ್ಪಿದೆ ಅಂದುಕೊಳ್ಳಿ. ಹತ್ತು ವರ್ಷದಲ್ಲಿ ಈ ಗ್ರಹ ಸುಮಾರು 900 ಸುತ್ತು ಹಾಕಿರುತ್ತದೆ. ತಪ್ಪು ಕೂಡಿ ಕೂಡಿ ಕಾಲು ಗಂಟೆಯಾಯಿತು. ನೀವು ಸಮಯಕ್ಕೆ ಸರಿಯಾಗಿ ಮಂಟಪಕ್ಕೆ ಬಂದಿದ್ದೀರಿ, ಅಲ್ಲಿ ಧಾರೆ ಆಗಿಹೋಗಿದೆ.

ಈ ಲೆಕ್ಕ ಸರಿಯಾಗಿದ್ದದ್ದರಿಂದಲೇ 2022ರ ಜುಲೈ 10ರಂದು ವೆಬ್ ವಾಸ್ಪ್-39ರ ಕಡೆ ತಿರುಗಿ ಎಂಟು ಗಂಟೆಯಷ್ಟು ದಿಟ್ಟಿಸಿತು. ಮೊದಲ ಬಣ್ಣದ ಚಿತ್ರಗಳು ಲೋಕಕ್ಕೆ ಬಿಡುಗಡೆಯಾಗಲು ಇನ್ನೂ ಎರಡು ದಿನವಿತ್ತು. ಆಗಸ್ಟ್‌ನಲ್ಲಿ ಫಲ ಬಂತು: ಆ ಗ್ರಹದ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್. ಸೌರವ್ಯೂಹದ ಆಚೆಯ ಗ್ರಹವೊಂದರಲ್ಲಿ ಅದರ ಸ್ಪಷ್ಟ ಗುರುತು ಸಿಕ್ಕಿದ್ದು ಅದೇ ಮೊದಲು. ಅದು ಒಂದು ದೊಡ್ಡ ಸಮುದಾಯದ ಕಾರ್ಯಕ್ರಮ, ಮುಂದಾಳು ನತಾಲಿ ಬಟಾಲ್ಹಾ. ಅವರು ಟವೆಲ್ ಹಾಕಲಿಲ್ಲ. ದತ್ತಾಂಶ ಬಂದ ಕೂಡಲೇ ಎಲ್ಲರಿಗೂ ತೆರೆದಿತ್ತು.

ಬಾಡಿಗೆಯ ಮಾತು ಸ್ವಲ್ಪ ಆಡಬೇಕು; ಇಲ್ಲಿ ಬಾಡಿಗೆ ಅಂದರೆ ದುಡ್ಡಲ್ಲ, ಸಮಯ. ಊರಿಗೆ ಕಾರು ಮಾಡಿಕೊಂಡರೆ ಕಿಲೋಮೀಟರ್ ಲೆಕ್ಕ ನಮ್ಮ ಮನೆಯಿಂದಲ್ಲ, ಅವರ ಶೆಡ್ಡಿನಿಂದ. ಇಲ್ಲೂ ಹಾಗೆಯೇ. ಹಿಂದಿನವರ ಕೆಲಸ ಮುಗಿಸಿ ನಿಮ್ಮ ನಕ್ಷತ್ರದ ಕಡೆ ತಿರುಗುವುದಕ್ಕೆಂದು ಪ್ರತಿ ವೀಕ್ಷಣೆಗೆ 1,800 ಸೆಕೆಂಡು, ಅಂದರೆ ಅರ್ಧ ಗಂಟೆ, ನಿಮ್ಮ ಖಾತೆಗೇ ಬೀಳುತ್ತದೆ. ದಾರಿ ತೋರುವ ನಕ್ಷತ್ರ ಹಿಡಿಯುವ ಹೊತ್ತು, ಶೋಧಕ ಬದಲಿಸುವ ಹೊತ್ತು ಮೇಲಿಂದ. ಹತ್ತು ನಿಮಿಷದ ಚಿತ್ರ ಕೇಳಿದವನ ಬಿಲ್ಲು ಗಂಟೆ ಮುಟ್ಟುವುದು ಹೀಗೆ.

ಹಬಲ್‌ನಲ್ಲಿ ಅರ್ಜಿಗೆ ಎರಡು ಹಂತ. ಮೊದಲು ಆಶಯ ಹೇಳಿದರೆ ಸಾಕು, ಮಂಜೂರಾದ ಮೇಲೆ ಪೂರ್ತಿ ವಿವರ. ವೆಬ್‌ನಲ್ಲಿ ವಿವರವೆಲ್ಲ ಮೊದಲೇ ತುಂಬಬೇಕು. ಬಹುತೇಕರ ಶ್ರಮ ಬುಟ್ಟಿಗೆ ಹೋಗುತ್ತದೆಂದು ಗೊತ್ತಿದ್ದೂ ಹೀಗೆ ಮಾಡಿಸುವುದು ಸ್ವಲ್ಪ ಕ್ರೂರವೇ. ಆದರೆ ತುಂಬುತ್ತ ತುಂಬುತ್ತ, ತಾನು ಕೇಳುತ್ತಿರುವುದು ಆಗುವ ಕೆಲಸವೇ ಅಲ್ಲ ಎಂದು ರಾತ್ರಿ ಎರಡು ಗಂಟೆಗೆ ಗೊತ್ತಾಗುವವರೂ ಇರುತ್ತಾರೆ.

ನಮ್ಮ ಮನೆಯ ಹತ್ತಿರದ ಸಂಗತಿಯೂ ಇದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹೋದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ಗೂ ಇಂಥದೇ ಅರ್ಜಿಗಳು ಬಂದಿವೆ. ಅದರ ದತ್ತಾಂಶ ಬಂದು ಸೇರುವುದು ಬೆಂಗಳೂರಿನಾಚೆ ಬ್ಯಾಲಾಳಿಗೆ. ಅದರ ಅತಿನೇರಳೆ ದೂರದರ್ಶಕವನ್ನು ಭಾರತೀಯ ಖಗೋಳಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಜೋಡಿಸಿದರು. ಒಂದೊಂದೇ ಬೆಳಕಿನ ಕಣವನ್ನು ಎಣಿಸುವ ಬಹಳ ಸೂಕ್ಷ್ಮ ಕಣ್ಣು ಅದು, ಒಮ್ಮೆಗೆ ನೋಡುವುದು ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟಗಲದ ಜಾಗ. ಆ ಜಾಗದೊಳಗೆ ಎಲ್ಲೇ ಒಂದು ಪ್ರಖರ ನಕ್ಷತ್ರವಿದ್ದರೂ ಕಣ್ಣಿಗೆ ಅಪಾಯ. ಹಾಗಾಗಿ ಅಲ್ಲಿ ಅರ್ಜಿದಾರ ತನಗೆ ಬೇಕಾದದ್ದನ್ನು ಹುಡುಕಿದರೆ ಸಾಲದು, ಬೇಡದ್ದು ಅಕ್ಕಪಕ್ಕದಲ್ಲಿ ಇಲ್ಲವೆಂದೂ ನೋಡಿಕೊಳ್ಳಬೇಕು. ಗಂಡು ನೋಡಲು ಹೋದವರು ನೆರೆಹೊರೆಯನ್ನೂ ವಿಚಾರಿಸಿ ಬರುವಂತೆ.

ಮಂಜೂರಾದ ವೆಬ್ ಕಾರ್ಯಕ್ರಮಗಳ ಸಾರಾಂಶ, ಕಾಲಂ ಕಾಲಂ ತುಂಬಿದ ವಿವರ, ಯಾವ ದಿನ ಯಾವ ಗಳಿಗೆಗೆ ನಡೆಯಿತು ಎಂಬುದೆಲ್ಲ ಯಾರು ಬೇಕಾದರೂ ನೋಡುವಂತೆ ಇಟ್ಟಿದ್ದಾರೆ. ವಾಸ್ಪ್-39ರ ಕಾರ್ಯಕ್ರಮದ ನಂಬರು 1366. ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಬಿಡುವಿನಲ್ಲಿ ತೆಗೆಸಿ ನೋಡಿ. ಶೀರ್ಷಿಕೆ, ಸಾರಾಂಶ ದಾಟಿ ಕೆಳಗಿಳಿದು ವಿಶೇಷ ಷರತ್ತು ಎಂದಿರುವಲ್ಲಿ ನಿಂತರೆ, ಗ್ರಹದ ಆ ನಾಲ್ಕು ಚಿಲ್ಲರೆ ದಿನ ಒಂದು ಸಾಲಿನಲ್ಲಿ ಬರೆದಿರುವುದು ಸಿಗುತ್ತದೆ.