ಎಷ್ಟಕ್ಕೆ ಕೊಡ್ತೀರಕ್ಕ?

(ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಮಹಿಳಾ ಸಂಘಗಳ ಕಲಿಕಾ ಸಭೆಯಲ್ಲಿ ಒಬ್ಬ ಸದಸ್ಯೆ ಆಡಿದ ಮಾತು)



ನಾನು ಭಾಷಣ ಮಾಡುವವಳಲ್ಲ. ಬಟ್ಟೆ ಹೊಲಿಯುವವಳು. ಹುಟ್ಟಿದ್ದು ಮೊಳಕಾಲ್ಮುರು. ಮದುವೆಯಾಗಿ ಬಂದದ್ದು ಚಳ್ಳಕೆರೆಗೆ. "ನಿನ್ನ ಹೊಲಿಗೆ ಮಿಷನ್ ಮಾರಿದ ಕಥೆ ಹೇಳು, ಸಾಕು" ಅಂದರು ನಮ್ಮ ಟೀಚರಮ್ಮ. ಅದನ್ನೇ ಹೇಳ್ತೀನಿ.

ನಾನು ಮಾರಿದ್ದು ಒಂದಲ್ಲ, ಎರಡು ಮಿಷನ್. ಮೊದಲನೆಯದು ಕೆಲವು ವರ್ಷದ ಹಿಂದಿನ ಮಾತು. ಮನೆ ಮುಂದೆ ಗುಜರಿಯವನು ಬಂದ. ಮಿಷನ್ ನೋಡಿದ. "ಇದು ತುಕ್ಕು ಹಿಡಿದ ಕಬ್ಬಿಣ ಕಣಕ್ಕ, ತೂಕಕ್ಕೆ ಹಾಕಬೇಕು" ಅಂದ. 800 ರೂಪಾಯಿ ಕೇಳಿದ. ಅತ್ತೆಗೆ ಹುಷಾರಿರಲಿಲ್ಲ. ಔಷಧಿಗೆ ದುಡ್ಡು ಬೇಕಿತ್ತು. ಅದನ್ನೂ ಅವನಿಗೆ ಹೇಳಿಬಿಟ್ಟೆ. ಕೊಟ್ಟೆ. ಒಂದು ತಿಂಗಳಾದ ಮೇಲೆ ಪೇಟೆಯಲ್ಲಿ ಅದೇ ಮಿಷನ್ ಕಂಡಿತು. ಬಣ್ಣ ಹಚ್ಚಿದ್ದರು. ಬೆಲೆ ಕೇಳಿದೆ. 3,000 ಅಂದರು. ಅವತ್ತು ರಾತ್ರಿ ನನಗೆ ಅನ್ನ ಸೇರಲಿಲ್ಲ.

ಅವನು ಮೋಸ ಮಾಡಿದ ಅಂತ ಹೇಳಲಾರೆ. ಅವನು ಕೇಳಿದ, ನಾನು ಕೊಟ್ಟೆ. ನನ್ನ ವಸ್ತುವಿನ ಬೆಲೆ ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಎರಡನೆಯದು ಹೋದ ವರ್ಷದ್ದು. ಸಂಘದ ಸಾಲ ತೆಗೆದು ಮೋಟಾರ್ ಮಿಷನ್ ತಂದೆ. ಹಳೆಯ ಕಾಲು ಮಿಷನ್ ಮೂಲೆಗೆ ಬಿತ್ತು. ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು. "ಅಮ್ಮ, ಫೋನಿನಲ್ಲಿ ಹಾಕೋಣ" ಅಂದಳು ಮಗಳು. ಮಿಷನ್ ಒರೆಸಿ, ಎಣ್ಣೆ ಬಿಟ್ಟು, ಬೆಳಕಿಗೆ ತಂದು ಫೋಟೋ ತೆಗೆದೆವು. ಹಲಗೆ ಒಂದು ಕಡೆ ಉಬ್ಬಿತ್ತು. ಅದರ ಫೋಟೋನೂ ಹಾಕಿದೆವು. ಓಎಲ್‌ಎಕ್ಸ್‌ನಲ್ಲಿ ಹಾಕಿದಳು, ಊರಿನ ವಾಟ್ಸಾಪ್ ಗುಂಪಿಗೂ ಹಾಕಿದಳು. ಬೆಲೆ 5,500 ಅಂತ ಬರೆದೆವು.

ಒಂದು ಗಂಟೆಯೊಳಗೆ ಮೆಸೇಜ್ ಬಂತು. "2000 ಲಾಸ್ಟ್."

ಅಷ್ಟೇ. ನಮಸ್ಕಾರ ಇಲ್ಲ, ಅಕ್ಕ ಅನ್ನೋ ಮಾತಿಲ್ಲ. ಅದನ್ನ ನಾನೇ ಓದಿದೆ. ಓದೋಕೆ ಬಂತಲ್ಲ ಅಂತ ಖುಷಿ ಪಡಬೇಕೋ, ಓದಿದ ಮಾತಿಗೆ ಅಳಬೇಕೋ ತಿಳಿಯಲಿಲ್ಲ.

ಆಮೇಲೆ ಯೋಚನೆ ಮಾಡಿದೆ. ಎದುರಿಗೆ ನಿಂತರೆ ಮನುಷ್ಯನಿಗೆ ದಾಕ್ಷಿಣ್ಯ ಇರುತ್ತೆ. ಫೋನಿಗೆ ದಾಕ್ಷಿಣ್ಯ ಎಲ್ಲಿ? ಅವನು ಅದೇ ಮೆಸೇಜನ್ನ ಹತ್ತು ಜನಕ್ಕೆ ಕಳಿಸಿರ್ತಾನೆ. ಹತ್ತರಲ್ಲಿ ಒಬ್ಬರು ಅವಸರದಲ್ಲಿದ್ದರೆ ಅವನಿಗೆ ಲಾಭ. ನನ್ನನ್ನ ಅವಮಾನ ಮಾಡೋಕೆ ಕಳಿಸಿದ್ದಲ್ಲ. ಬಲೆ ಬೀಸಿದ್ದಾನೆ, ಅಷ್ಟೇ.

ನಮ್ಮ ಚಳ್ಳಕೆರೆಯ ಎಪಿಎಂಸಿ ನೋಡಿಲ್ಲದವರು ಯಾರಿದ್ದೀರಿ? ಶೇಂಗಾ ಚೀಲ ಹಾಕ್ತೀವಿ. ವರ್ತಕರು ಬೆಲೆ ಬರೀತಾರೆ. ಮೊದಲು ಚೀಟಿಯಲ್ಲಿ ಬರೀತಿದ್ದರು. 2014ರಿಂದ ಈಚೆಗೆ ರಾಜ್ಯದ ಮಾರುಕಟ್ಟೆಗಳಿಗೆ ಕಂಪ್ಯೂಟರ್ ಟೆಂಡರ್ ಬಂತು. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಕೊಡೋದಿಲ್ಲ ಅನ್ನಬಹುದು. ಆ ಹಕ್ಕು ಅವನಿಗಿದೆ. ಆದರೆ ಎಷ್ಟು ಜನ ಅಂತಾರೆ? ಸಾಲ ಇದ್ದವರು, ವಾಪಸ್ ಒಯ್ಯೋ ಬಾಡಿಗೆ ಇಲ್ಲದವರು ತಲೆ ತಗ್ಗಿಸಿ ಕೊಟ್ಟು ಬರ್ತಾರೆ. ಬೇಡ ಅನ್ನೋ ಹಕ್ಕು ಇದ್ದರೆ ಸಾಲದು. ಬೇಡ ಅಂದ ಮೇಲೆ ನಾಲ್ಕು ದಿನ ತಡೆಯೋ ಶಕ್ತಿ ಬೇಕು. ಈ ಮಾತಿಗೆ ಆಮೇಲೆ ಬರ್ತೀನಿ.

ನಮ್ಮ ಅವ್ವ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯವಳು. ನಮ್ಮ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಅಂತ ಸರ್ಕಾರದ ಮನ್ನಣೆ ಸಿಕ್ಕಿತು. ಅವ್ವನಿಗೆ ಓದು ಬರಹ ಇರಲಿಲ್ಲ. ಆದರೆ ಹಾಸಿಗೆ ಎಷ್ಟು, ಹೊಕ್ಕಿಗೆ ಎಷ್ಟು, ಜರಿಗೆ ಎಷ್ಟು, ಎಷ್ಟು ದಿನದ ಕೂಲಿ, ಎಲ್ಲ ಬೆರಳ ತುದಿಯಲ್ಲಿತ್ತು. ಯಾರಾದರೂ ಅರ್ಧ ಬೆಲೆಗೆ ಕೇಳಿದರೆ ಅವ್ವ ಜಗಳ ಆಡ್ತಿರಲಿಲ್ಲ. ಸೀರೆ ಮಡಿಸಿ ಒಳಗೆ ಇಡ್ತಿದ್ದಳು. ಲೆಕ್ಕ ಗೊತ್ತಿದ್ದವಳಿಗೆ ಸಿಟ್ಟು ಯಾಕೆ ಬರುತ್ತೆ?

ಹಾಗೆ ನಾನೂ ಲೆಕ್ಕ ಹಾಕಿದೆ. ಅಂಗಡಿಗೆ ಹೋಗಿ ಹೊಸ ಕಾಲು ಮಿಷನ್ ಬೆಲೆ ಕೇಳಿದೆ. ಎಂಟು ಸಾವಿರದ ಮೇಲಿತ್ತು. ಬೇರೆಯವರು ಹಳೆಯದನ್ನ ಎಷ್ಟಕ್ಕೆ ಹಾಕಿದ್ದಾರೆ ಅಂತ ಮಗಳು ಫೋನಿನಲ್ಲಿ ತೋರಿಸಿದಳು. 4,000ದಿಂದ 6,000 ಇತ್ತು. ಅದು ಅವರು ಕೇಳೋ ಬೆಲೆ, ಸಿಕ್ಕ ಬೆಲೆ ಅಲ್ಲ. ರಿಪೇರಿ ಅಣ್ಣನಿಗೆ ತೋರಿಸಿದೆ. "ಇಂಜಿನ್ ಗಟ್ಟಿಯಾಗಿದೆ, ಇನ್ನೂ ಹತ್ತು ವರ್ಷ ಹೊಲಿಯುತ್ತೆ" ಅಂದರು. ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ: "4,500. ಇದಕ್ಕಿಂತ ಕೆಳಗೆ ಇಲ್ಲ." ಐದರ ಅಂಕಿ ತಿರುಗುಮುರುಗಾಗಿತ್ತು. ಮಗಳು ನಕ್ಕಳು. ನಗಲಿ ಬಿಡಿ.

ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ನೋಡಿದ್ದೀರಲ್ಲ? ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲಿ ಬೆಲೆ ಮಾತಾಡ್ತಾರೆ. ಸುತ್ತ ನಿಂತವರಿಗೆ ಗೊತ್ತಾಗೋದಿಲ್ಲ. ನಮ್ಮ ಕೊನೆಯ ಬೆಲೆನೂ ಹಾಗೆ ಟವೆಲ್ ಕೆಳಗೇ ಇರಬೇಕು. ನಮ್ಮ ಕಷ್ಟ ಕೂಡ. "ಮಗಳ ಫೀಸು ಕಟ್ಟಬೇಕಣ್ಣ" ಅಂದರೆ ಕೇಳುವವನ ಕನಿಕರ ಏರೋದಿಲ್ಲ, ಬೆಲೆ ಇಳಿಯುತ್ತೆ. ಗುಜರಿಯವನ ಹತ್ತಿರ ನಾನು ಮಾಡಿದ ತಪ್ಪು ಅದೇ.

4,500 ಬೇಕು ಅಂದರೆ 5,500 ಯಾಕೆ ಹಾಕಿದೆ? ನಮ್ಮ ಕಡೆ ಚೌಕಾಸಿ ಮಾಡದೆ ಕೊಂಡರೆ ಕೊಂಡಂಗೇ ಅಲ್ಲ. ಸ್ವಲ್ಪ ಬಿಟ್ಟರೆ ಅವರಿಗೂ ಸಮಾಧಾನ. ಹಾಗಂತ ಹತ್ತು ಸಾವಿರ ಹಾಕಿದರೆ ಒಬ್ಬರೂ ಫೋನ್ ಮಾಡೋದಿಲ್ಲ.

2,000 ಅಂದವನಿಗೆ ಮಗಳ ಕೈಯಲ್ಲಿ ಉತ್ತರ ಹಾಕಿಸಿದೆ. "ಆ ಬೆಲೆಗೆ ಆಗೋದಿಲ್ಲ ಅಣ್ಣ. 5,200ಕ್ಕೆ ಆದರೆ ಬನ್ನಿ. ಹೊಲಿದು ನೋಡಿ ತಗೊಳ್ಳಿ." ಅವನು ಮತ್ತೆ ಮಾತಾಡಲಿಲ್ಲ. ಇನ್ನೊಬ್ಬ 3,000 ಅಂದ, ಮನೆಗೆ ತಂದು ಇಳಿಸಬೇಕಂತೆ. ರಾಯದುರ್ಗದ ಕಡೆಯವರೊಬ್ಬರು ತೆಲುಗಿನಲ್ಲಿ ಕೇಳಿದರು, ಮಿಷನ್ ಬದಲಿಗೆ ಹಳೆ ಮೊಬೈಲ್ ಕೊಡ್ತೀನಿ ಅಂತ. ಕೆಲವರು ತಾವು ಬೆಲೆ ಹೇಳದೆ "ಲಾಸ್ಟ್ ಎಷ್ಟು, ಲಾಸ್ಟ್ ಎಷ್ಟು" ಅಂತಾರೆ. ಅವರಿಗೆ ಒಂದೇ ಮಾತು: "ಬಂದು ವಸ್ತು ನೋಡಿ, ಆಮೇಲೆ ಮಾತಾಡೋಣ." ಯಾರು, ಯಾವ ಊರು, ಎಷ್ಟು ಅಂದರು, ಎಲ್ಲ ಪುಸ್ತಕದಲ್ಲಿ ಬರೆದಿಟ್ಟೆ.

ಕಡಿಮೆ ಕೇಳುವವರೆಲ್ಲ ಕೆಟ್ಟವರಲ್ಲ. ತಳಕಿನಿಂದ ಒಬ್ಬ ಅಕ್ಕ ಬಂದಿದ್ದರು. 4,000 ಅಂದರು. "ಬೆಲ್ಟ್ ಸವೆದಿದೆ, ಹಲಗೆ ಉಬ್ಬಿದೆ ನೋಡು" ಅಂತ ಕೈಯಿಟ್ಟು ತೋರಿಸಿದರು. ನ್ಯಾಯವಾದ ಮಾತು. ಹೊಸ ಬೆಲ್ಟ್ ಹಾಕಿಸಿ 4,800ಕ್ಕೆ ಕೊಡ್ತೀನಿ ಅಂದೆ. ಮನೆಯಲ್ಲಿ ಕೇಳಿ ಹೇಳ್ತೀನಿ ಅಂತ ಹೋದರು.

ಎಲ್ಲಕ್ಕಿಂತ ಕಷ್ಟವಾದದ್ದು ಅದರ ಮುಂದಿನ ವಾರ. ಫೋನಿನಲ್ಲಿ 5,000ಕ್ಕೆ ಒಪ್ಪಿದ ಒಬ್ಬರು ಲಗೇಜ್ ಆಟೋ ತಂದೇಬಿಟ್ಟರು. ಮನೆ ಬಾಗಿಲಲ್ಲಿ ನಿಂತು, "3,500 ಕೊಡ್ತೀನಿ. ಆಟೋ ಬಾಡಿಗೆ ಬೇರೆ ಕೊಟ್ಟಿದ್ದೀನಿ, ಬೇಗ ಹೇಳಿ" ಅಂದರು. ದುಡ್ಡು ಕೈಯಲ್ಲಿ ಹಿಡಿದು ಎಣಿಸ್ತಾ ಇದ್ದರು. ಅಕ್ಕಪಕ್ಕದವರು ನೋಡ್ತಾ ಇದ್ದರು. ನನ್ನ ಕೈ ನಡುಗಿತು. ಒಳಗೆ ಹೋಗಿ ಪುಸ್ತಕದ ಕೊನೆಯ ಹಾಳೆ ತೆಗೆದು ನೋಡಿದೆ. ಹೊರಗೆ ಬಂದು ನೀರು ಕೊಟ್ಟು, "ಆಗೋದಿಲ್ಲ ಅಣ್ಣ, ಬೇಜಾರು ಮಾಡ್ಕೋಬೇಡಿ" ಅಂದೆ. ಆಟೋ ಖಾಲಿ ಹೋಯಿತು. ತಿರುಗಿ ಬರ್ತಾರೆ ಅಂದುಕೊಂಡೆ. ಬರಲಿಲ್ಲ.

ಹನ್ನೆರಡು ದಿನ ಒಂದು ಫೋನೂ ಬರಲಿಲ್ಲ. "ಅವತ್ತೇ ಕೊಟ್ಟುಬಿಡಬೇಕಿತ್ತಮ್ಮ" ಅಂದಳು ಮಗಳು. ಫೀಸಿನ ದಿನ ಹತ್ತಿರ ಬಂತು. ಆಗ ಸಂಘದಲ್ಲಿ 2,000 ಕೈಸಾಲ ಕೇಳಿದೆ. ಕೊಟ್ಟರು. ಮೊದಲ ಕಂತು ಕಟ್ಟಿದೆವು. ಆವಾಗಲೇ ಹೇಳಿದೆನಲ್ಲ, ತಡೆಯೋ ಶಕ್ತಿ ಅಂತ. ಆ 2,000 ನನಗೆ ತಂದುಕೊಟ್ಟದ್ದು ಅದನ್ನೇ. ಸಂಘದ ದುಡ್ಡು ಇಲ್ಲದಿದ್ದರೆ ನಾನೂ 3,500ಕ್ಕೆ ಅವರ ಹಿಂದೆ ಓಡ್ತಿದ್ದೆನೋ ಏನೋ.

ಆ ದಿನಗಳಲ್ಲೇ ಇನ್ನೊಂದು ಫೋನ್ ಬಂತು, ರಾತ್ರಿ ಹೊತ್ತು. ಇವನು ಚೌಕಾಸಿನೇ ಮಾಡಲಿಲ್ಲ. "5,500 ಒಪ್ಪಿಗೆ, ಮಿಷನ್ ನೋಡೋದು ಬೇಡ, ನಾನು ಮಿಲಿಟರಿಯಲ್ಲಿದ್ದೀನಿ, ಈಗಲೇ ದುಡ್ಡು ಹಾಕ್ತೀನಿ" ಅಂದ. ಒಂದು ಕ್ಯೂಆರ್ ಚಿತ್ರ ಕಳಿಸಿದ. "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ" ಅಂದ. ಮಗಳು ಫೋನ್ ಕಟ್ ಮಾಡಿದಳು. ಅಕ್ಕಂದಿರೇ, ಇದನ್ನ ಬರೆದುಕೊಳ್ಳಿ. ದುಡ್ಡು ಪಡೆಯೋಕೆ ಪಿನ್ ಬೇಡ. ಪಿನ್ ಒತ್ತಿದರೆ ನಮ್ಮ ಖಾತೆಯಿಂದ ದುಡ್ಡು ಹೋಗುತ್ತೆ. ದುಡ್ಡು ಹಾಕಿದ್ದೀನಿ ಅಂತ ಬರೀ ಮೆಸೇಜ್ ತೋರಿಸಿದರೂ ನಂಬಬೇಡಿ. ಖಾತೆಯಲ್ಲಿ ನೋಡಿಕೊಂಡು ಆಮೇಲೆ ವಸ್ತು ಕೊಡಿ. ಅಕಸ್ಮಾತ್ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಸೈಬರ್ ಸಹಾಯವಾಣಿ. ಕಡಿಮೆಗೆ ಕೇಳುವವನ ಹತ್ತಿರ ನೂರು ಇನ್ನೂರು ಕಳಕೊಂಡೇವು. ಚೌಕಾಸಿನೇ ಮಾಡದವನ ಹತ್ತಿರ ಖಾತೆಯೇ ಖಾಲಿಯಾದೀತು.

ಇನ್ನೊಂದು ಮಾತು. ಬರೆದ ಬೆಲೆ ಕಲ್ಲಿನ ಮೇಲಿನ ಬರಹ ಅಲ್ಲ. ನಮ್ಮ ಪಕ್ಕದ ಮನೆಯಲ್ಲಿ ಹಳೆ ಡಬ್ಬಾ ಟಿವಿ ಇತ್ತು. ಆರು ಸಾವಿರಕ್ಕೆ ಕಡಿಮೆ ಕೊಡೋದಿಲ್ಲ ಅಂತ ವರ್ಷ ಇಟ್ಟುಕೊಂಡರು. ಕೊನೆಗೆ ಗುಜರಿಗೆ ಹೋಯಿತು. ಮೊಬೈಲು, ಟಿವಿ ದಿನ ಕಳೆದಷ್ಟೂ ಬೆಲೆ ಕಳಕೊಳ್ತವೆ. ಬಂದವರೆಲ್ಲ ಒಂದೇ ಬೆಲೆ ಹೇಳ್ತಿದ್ದರೆ ನಮ್ಮ ಲೆಕ್ಕವನ್ನೇ ಇನ್ನೊಂದು ಸಲ ನೋಡಬೇಕು. ಬದಲಾಯಿಸೋದಾದರೆ ಒಬ್ಬರೇ ಕೂತು ಬದಲಾಯಿಸಿ. ಬಾಗಿಲಲ್ಲಿ ಆಟೋ ನಿಂತಿರುವಾಗ ಬೇಡ.

ಹದಿಮೂರನೇ ದಿನ ತಳಕಿನ ಅಕ್ಕನೇ ಫೋನ್ ಮಾಡಿದರು. ಗಂಡನ ಜೊತೆ ಬಂದರು. ಬರುವಾಗ ರವಿಕೆ ಕಣ ತಂದಿದ್ದರು. ನನ್ನ ಮನೆಯಲ್ಲೇ ಕೂತು ಒಂದು ಹೊಲಿಗೆ ಹಾಕಿ ನೋಡಿದರು. 4,700ಕ್ಕೆ ಮುಗಿಯಿತು. ಎರಡು ಬಾಬಿನ್, ಒಂದು ಎಣ್ಣೆ ಡಬ್ಬಿ ಮೇಲೆ ಕೊಟ್ಟೆ. ಸಂಘದ 2,000 ಮಾರನೇ ದಿನವೇ ಕಟ್ಟಿದೆ. ಈಗಲೂ ಆ ಅಕ್ಕ ಫೋನ್ ಮಾಡ್ತಾರೆ, ದಾರ ಕಡಿದು ಹೋಗ್ತಿದೆ, ಏನು ಮಾಡಲಿ ಅಂತ.

ಮುಂದಿನ ಸಾಲಿನಲ್ಲಿ ಕೂತಿರೋ ಅಕ್ಕ ಗ್ರೈಂಡರ್ ಮಾರಬೇಕು ಅಂತಿದ್ದರು. ಬನ್ನಿ ಅಕ್ಕ, ಪುಸ್ತಕ ತಗೊಂಡು ಬನ್ನಿ. ಹೊಸದಕ್ಕೆ ಎಷ್ಟು ಅಂತ ವಿಚಾರಿಸಿದ್ದೀರಾ?