ಹೆಚ್ಚು ಬಡ್ಡಿಯ ಫಂಡು: ದೊಡ್ಡವರು ಒಳಗೋ, ಹೊರಗೋ?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ತಿಳಿವಳಿಕೆ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಗೊಬ್ಬರ, ಬಿತ್ತನೆ ಬೀಜ, ಬೆಳೆ ಸಾಲದ ವಿಚಾರವನ್ನು ನನಗಿಂತ ತಿಳಿದವರು ಮಾತಾಡಿದ್ದಾರೆ. ನನಗೆ ಕೊಟ್ಟಿರುವ ವಿಷಯ ಉಳಿತಾಯದ್ದು. ಈಚೆಗೆ ನಮ್ಮ ಕಡೆ ಹೆಚ್ಚಾಗಿ ಕೇಳಿಬರುತ್ತಿರುವ ಒಂದು ಮಾತನ್ನು ಹಿಡಿದುಕೊಂಡು ನನಗೆ ತಿಳಿದಷ್ಟು ಹೇಳುತ್ತೇನೆ.

ಆ ಮಾತು ಯಾವುದು ಅಂದರೆ, "ಸಂಘದಲ್ಲೋ ಬ್ಯಾಂಕಿನಲ್ಲೋ ಇಟ್ಟರೆ ಏನ್ ಸಿಗುತ್ತೆ? ಸಾಲಪತ್ರದ ಫಂಡಿಗೆ ಹಾಕಿ, ಎರಡು ಮೂರು ಪರ್ಸೆಂಟ್ ಜಾಸ್ತಿ ಬರುತ್ತೆ. ದೊಡ್ಡ ದೊಡ್ಡ ಕಂಪೆನಿಗಳೇ ಅಲ್ಲಿ ಹಣ ಇಟ್ಟಿವೆ, ನಿಮಗೇನು ಭಯ?" ಜಮೀನಿನ ಪರಿಹಾರದ ಹಣ ಬಂದವರಿಗೆ, ನೌಕರಿಯಿಂದ ನಿವೃತ್ತಿಯಾದವರಿಗೆ ಈ ಮಾತು ಹೇಳುವವರು ಮನೆ ಬಾಗಿಲಿಗೇ ಬರುತ್ತಾರೆ. ಮಹಾಸಭೆಯಲ್ಲೂ ಒಬ್ಬರಿಬ್ಬರು ಸದಸ್ಯರು ಸಂಘದ ಆಪದ್ಧನವನ್ನು ಯಾಕೆ ಅಲ್ಲಿ ಹಾಕಬಾರದು ಅಂತ ಕೇಳಿದ್ದುಂಟು. ಸಂಘದ ಹಣವನ್ನು ಎಲ್ಲೆಲ್ಲಿ ಇಡಬಹುದು ಎಂದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 58ನೇ ಕಲಮಿನಲ್ಲೇ ಹೇಳಿದೆ. ಆಡಳಿತ ಮಂಡಳಿ ತನ್ನ ಮನಸ್ಸಿಗೆ ಬಂದ ಕಡೆ ಇಡುವ ಹಾಗಿಲ್ಲ. ಆದರೆ ನಿಮ್ಮ ಸ್ವಂತ ಹಣಕ್ಕೆ ನೀವೇ ಯಜಮಾನರು. ಅದಕ್ಕೇ ಈ ವಿಚಾರ ನಿಮಗೆ ಗೊತ್ತಿರಬೇಕು.

"ದೊಡ್ಡವರು ಇಟ್ಟಿದ್ದಾರೆ" ಅನ್ನುವುದು ಅರ್ಧ ಮಾತು. "ದೊಡ್ಡವರು ಇನ್ನೂ ಇದ್ದಾರೆಯೇ, ಹೊರಟಿದ್ದಾರೆಯೇ, ಹೊರಟರೆ ನನ್ನ ಪಾಲಿಗೆ ಏನು ಉಳಿಯುತ್ತೆ" ಅನ್ನುವುದು ಪೂರ್ತಿ ಮಾತು. ನಾನು ಇವತ್ತು ಹೇಳಬೇಕಾಗಿರುವುದು ಇಷ್ಟೇ.

ಫಂಡು ಅಂದರೆ ಏನು?

ಮ್ಯೂಚುವಲ್ ಫಂಡಿನವರು ಸಾವಿರಾರು ಜನರ ಹಣ ಸೇರಿಸುತ್ತಾರೆ. ಸಾಲಪತ್ರದ ಫಂಡಾದರೆ ಆ ಹಣವನ್ನು ಕಂಪೆನಿಗಳಿಗೆ ಸಾಲವಾಗಿ ಕೊಡುತ್ತಾರೆ. ಕಂಪೆನಿ ಬರೆದುಕೊಡುವ ಕಾಗದವೇ ಸಾಲಪತ್ರ ಅಥವಾ ಬಾಂಡು. ಸಾಲಗಾರನ ಯೋಗ್ಯತೆಗೆ ದರ್ಜೆ ಕೊಡಲು ಕ್ರಿಸಿಲ್, ಇಕ್ರಾ ಮುಂತಾದ ರೇಟಿಂಗ್ ಸಂಸ್ಥೆಗಳಿವೆ. ಮೂರು 'ಎ' ಬಂದರೆ ಮೊದಲ ದರ್ಜೆ, ಬಡ್ಡಿ ಕಡಿಮೆ. ದರ್ಜೆ ಇಳಿದ ಹಾಗೆ ಬಡ್ಡಿ ಏರುತ್ತದೆ. ನಮ್ಮೂರಲ್ಲೂ ಹಾಗೇ ಅಲ್ಲವೆ? ಪಹಣಿ ಸರಿಯಿದ್ದು, ಹೊತ್ತಿಗೆ ಸರಿಯಾಗಿ ಕಟ್ಟುವವನಿಗೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತೆ. ಕಟ್ಟುತ್ತಾನೋ ಇಲ್ಲವೋ ಅನ್ನುವವನಿಗೆ ಕೈಸಾಲ ಸಿಕ್ಕರೂ ಬಡ್ಡಿ ಜಾಸ್ತಿ. ಆ ಹೆಚ್ಚಿನ ಬಡ್ಡಿ ಧರ್ಮಕ್ಕೆ ಬರುವುದಲ್ಲ, ಅಪಾಯಕ್ಕೆ ಕೊಡುವ ಕೂಲಿ.

ಷೇರುಪೇಟೆ ಮತ್ತು ಫಂಡುಗಳ ಮೇಲೆ ಕಣ್ಣಿಟ್ಟಿರುವ ಸೆಬಿ ಸಂಸ್ಥೆ 2017ರಲ್ಲಿ ಫಂಡುಗಳನ್ನು ವಿಂಗಡಿಸಿದಾಗ, ಕಡಿಮೆ ದರ್ಜೆಯ ಸಾಲಪತ್ರಗಳಲ್ಲಿ ಕನಿಷ್ಠ ಶೇಕಡಾ 65 ಭಾಗ ಹಾಕುವ ಫಂಡಿಗೆ 'ಕ್ರೆಡಿಟ್ ರಿಸ್ಕ್ ಫಂಡ್' ಎಂದು ಹೆಸರಿಟ್ಟಿತು. ರಿಸ್ಕ್ ಅನ್ನುವ ಮಾತು ಹೆಸರಿನಲ್ಲೇ ಇದೆ. ಆದರೆ ಎಲ್ಲ ಫಂಡುಗಳ ಹೆಸರಿನಲ್ಲೂ ಅದು ಕಾಣಿಸುವುದಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ದೊಡ್ಡವರು ಹೊರಟರೆ ಏನಾಗುತ್ತೆ?

ಒಂದು ಲೆಕ್ಕ ಹೇಳ್ತೇನೆ, ದಯವಿಟ್ಟು ಗಮನ ಕೊಡಿ. ಒಂದು ಫಂಡಿನಲ್ಲಿ ಒಟ್ಟು 100 ಕೋಟಿ ಇದೆ ಅನ್ನಿ. ಅದರಲ್ಲಿ ನಾಲ್ಕು ಸಂಸ್ಥೆಗಳದು ತಲಾ 15 ಕೋಟಿ, ಅಂದರೆ 60 ಕೋಟಿ. ಉಳಿದ 40 ಕೋಟಿ ನಮ್ಮಂಥ ಸಣ್ಣವರದು. ಫಂಡಿನವರ ಹತ್ತಿರ ಇರುವ ಕಾಗದಗಳಲ್ಲಿ 30 ಕೋಟಿಯದು ಒಳ್ಳೆ ಕಾಗದ, ಬೆಳಿಗ್ಗೆ ಮಾರಿದರೆ ಸಂಜೆಗೆ ದುಡ್ಡು. ಉಳಿದ 70 ಕೋಟಿ ಕೊಳ್ಳುವವರು ಕಡಿಮೆ ಇರುವ ಕಾಗದ.

ಈಗ ಆ ನಾಲ್ವರೂ ಒಂದೇ ತಿಂಗಳಲ್ಲಿ ನಮ್ಮ ಹಣ ಕೊಡಿ ಅಂದರು. ಫಂಡಿನವರು ಕೊಡಲೇಬೇಕು. ಮೊದಲು ಆ 30 ಕೋಟಿಯ ಒಳ್ಳೆ ಕಾಗದ ಮಾರುತ್ತಾರೆ. ಮಿಕ್ಕ 30 ಕೋಟಿಗೆ ಕೈಗೆ ಬಂದ ಬೆಲೆಗೆ ಉಳಿದ ಕಾಗದ ಮಾರಬೇಕು, ಇಲ್ಲವೆ ಬ್ಯಾಂಕಿನಿಂದ ಸಾಲ ತರಬೇಕು. ಕಡೆಗೆ ಉಳಿದ ನಮ್ಮ 40 ಕೋಟಿಯ ಹಿಂದೆ ಏನಿದೆ? ಎಲ್ಲವೂ ಮಾರಾಟವಾಗದ ಕಾಗದ. ನೂರಕ್ಕೆ ಎಪ್ಪತ್ತಿದ್ದದ್ದು ನೂರಕ್ಕೆ ನೂರಾಯಿತು. ನಾವು ಒಂದು ಪೈಸೆ ತೆಗೆದಿಲ್ಲ, ಹಾಕಿಲ್ಲ, ಮನೆಯಲ್ಲೇ ಕೂತಿದ್ದೆವು. ಆದರೂ ನಮ್ಮ ಫಂಡು ಬದಲಾಗಿ ಹೋಯಿತು.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋಗುವ ನಮಗೆ ಇದು ಹೊಸದಲ್ಲ. ದೊಡ್ಡ ವರ್ತಕರು ಒಂದೆರಡು ಹರಾಜಿನಲ್ಲಿ ಕೈ ಹಿಂದಕ್ಕೆ ತೆಗೆದರು ಅಂದರೆ ನಾವು ಮೂಟೆ ಕಟ್ಟುವ ಮೊದಲು ಯೋಚನೆ ಮಾಡುತ್ತೇವೆ. ಹಣ ಇಡುವಾಗ ಮಾತ್ರ ಆ ಬುದ್ಧಿಯನ್ನು ಯಾಕೆ ಮರೆಯಬೇಕು?

2020ರಲ್ಲಿ ನಡೆದದ್ದು

ಇದು ಬರೀ ಲೆಕ್ಕದ ಮಾತಲ್ಲ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್‌ಟನ್ ಮ್ಯೂಚುವಲ್ ಫಂಡಿನವರು ತಮ್ಮ ಆರು ಸಾಲಪತ್ರ ಸ್ಕೀಮುಗಳನ್ನು ಮುಚ್ಚುವುದಾಗಿ ಪ್ರಕಟಿಸಿದರು. ಅವುಗಳಲ್ಲಿ ಇದ್ದದ್ದು ಸುಮಾರು 25 ಸಾವಿರ ಕೋಟಿ ರೂಪಾಯಿ. ಹಣ ಇಟ್ಟವರು ಸುಮಾರು 3 ಲಕ್ಷ ಜನ. ಅಂದಿನಿಂದ ಯಾರೂ ಹಣ ತೆಗೆಯುವಂತಿಲ್ಲ. ಕೊರೋನಾ ಲಾಕ್‌ಡೌನ್ ಕಾಲ, ಎಲ್ಲರಿಗೂ ದುಡ್ಡಿನ ಅಗತ್ಯ ಇದ್ದ ಹೊತ್ತು.

ಇದು ಒಂದೇ ರಾತ್ರಿಯಲ್ಲಿ ಆಗಲಿಲ್ಲ. 2020ರ ಜನವರಿಯಲ್ಲೇ ವೊಡಾಫೋನ್ ಐಡಿಯಾ ಕಂಪೆನಿಯ ಸಾಲಪತ್ರಗಳ ಬೆಲೆಯನ್ನು ಆ ಫಂಡಿನವರು ಸೊನ್ನೆಗೆ ಇಳಿಸಿದ್ದರು. ಆಮೇಲೆ ಹಣ ಹೊರಗೆ ಹೋಗುವುದು ಹೆಚ್ಚಾಯಿತು. ಕೊಡಲು ಸಾಲದೆ ಬ್ಯಾಂಕುಗಳಿಂದ ಸಾಲ ತಂದರು. ಮುಚ್ಚಿದ ಮೇಲೆ ಮೊದಲು ತೀರಿದ್ದು ಆ ಬ್ಯಾಂಕಿನ ಸಾಲ, ಹೂಡಿದವರ ಸರದಿ ಆಮೇಲೆ. ಅದೇ ಏಪ್ರಿಲ್ ಒಂದೇ ತಿಂಗಳಲ್ಲಿ ದೇಶದ ಎಲ್ಲ ಕ್ರೆಡಿಟ್ ರಿಸ್ಕ್ ಫಂಡುಗಳಿಂದ ಸುಮಾರು 19 ಸಾವಿರ ಕೋಟಿ ಹೊರಗೆ ಹೋಯಿತು. ರಿಸರ್ವ್ ಬ್ಯಾಂಕು ಏಪ್ರಿಲ್ 27ರಂದು ಮ್ಯೂಚುವಲ್ ಫಂಡುಗಳಿಗಾಗಿ 50 ಸಾವಿರ ಕೋಟಿಯ ವಿಶೇಷ ಸೌಲಭ್ಯ ಪ್ರಕಟಿಸಬೇಕಾಯಿತು.

ಹೆಸರಿನ ವಿಚಾರ ಹೇಳ್ತೇನೆ ಅಂದಿದ್ದೆ. ಆ ಆರರಲ್ಲಿ ಒಂದರ ಹೆಸರಿನಲ್ಲಿ ಮಾತ್ರ 'ಕ್ರೆಡಿಟ್ ರಿಸ್ಕ್' ಅಂತ ಇತ್ತು. ಇನ್ನೊಂದರ ಹೆಸರು 'ಅಲ್ಟ್ರಾ ಶಾರ್ಟ್ ಬಾಂಡ್'. ಅತಿ ಕಡಿಮೆ ಅವಧಿಯದು ಅಂತ ನಂಬಿ ಇಟ್ಟವರೂ ಸಿಕ್ಕಿಬಿದ್ದರು. ಹೆಸರಿನಲ್ಲಿದ್ದದ್ದು ಅವಧಿ, ಒಳಗಿದ್ದದ್ದು ಕಡಿಮೆ ದರ್ಜೆಯ ಕಾಗದ.

ಈ ಪ್ರಕರಣಕ್ಕೆ ನಮ್ಮ ರಾಜ್ಯದ ನಂಟೂ ಇದೆ. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ದಾವೆಗಳನ್ನು ಸುಪ್ರೀಂ ಕೋರ್ಟು ಬೆಂಗಳೂರಿಗೆ, ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿತು. 2020ರ ಅಕ್ಟೋಬರ್ 24ರಂದು ನಮ್ಮ ಹೈಕೋರ್ಟು, ಹಣ ಹೂಡಿದವರ ಒಪ್ಪಿಗೆ ಪಡೆಯದೆ ಸ್ಕೀಮು ಮುಚ್ಚುವ ತೀರ್ಮಾನ ಜಾರಿ ಮಾಡುವ ಹಾಗಿಲ್ಲ ಎಂದು ತೀರ್ಪು ಕೊಟ್ಟಿತು. ಆಮೇಲೆ ಡಿಸೆಂಬರಿನಲ್ಲಿ ಹೂಡಿಕೆದಾರರ ಮತದಾನ ನಡೆಯಿತು, ಬಹುಪಾಲು ಜನ ಮುಚ್ಚುವುದಕ್ಕೇ ಒಪ್ಪಿದರು. ಸಣ್ಣ ಹೂಡಿಕೆದಾರನ ಮಾತನ್ನೂ ಕೇಳಬೇಕು ಎಂಬ ತತ್ವ ಕರ್ನಾಟಕದಿಂದ ಎದ್ದು ಬಂತು ಅನ್ನುವುದು ಸಹಕಾರಿಗಳಾದ ನಮಗೆ ಸಂತೋಷದ ವಿಷಯ. ಒಬ್ಬರಿಗೆ ಒಂದು ಓಟು ಅನ್ನುವವರು ನಾವು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹಣ ಮುಳುಗಲಿಲ್ಲ. ಎಸ್.ಬಿ.ಐ. ಫಂಡಿನವರಿಗೆ ವಸೂಲಿ ಮಾಡಿ ಹಂಚುವ ಕೆಲಸ ಕೊಟ್ಟರು. 2021ರ ಫೆಬ್ರವರಿಯಲ್ಲಿ ಮೊದಲ ಕಂತು 9,122 ಕೋಟಿ ಬಂತು. 2023ರ ಹೊತ್ತಿಗೆ ಆರೂ ಸ್ಕೀಮು ಸೇರಿ ಹಂಚಿದ ಮೊತ್ತ ಮುಚ್ಚಿದ ದಿನದ ಮೊತ್ತವನ್ನೂ ದಾಟಿತು. ಆದರೆ ಮೊದಲ ಕಂತಿಗೇ ಹತ್ತು ತಿಂಗಳು ಕಾಯಬೇಕಾಯಿತು. ಮಗಳ ಮದುವೆಗೆ, ಆಸ್ಪತ್ರೆಗೆ, ಬತ್ತಿದ ಬೋರ್‌ವೆಲ್ಲಿಗೆ ಹತ್ತು ತಿಂಗಳು ತಡೆದುಕೊಳ್ಳಿ ಅನ್ನಲಾಗುತ್ತದೆಯೆ? ದೊಡ್ಡ ಸಂಸ್ಥೆ ಕಾಯಬಲ್ಲದು, ನಾವು ಕಾಯಲಾರೆವು. ಬೇಕಾದ ಹೊತ್ತಿಗೆ ಸಿಗದ ಹಣ ಇದ್ದೂ ಇಲ್ಲದ ಹಾಗೆ.

ತಿಳಿದುಕೊಳ್ಳುವುದು ಹೇಗೆ?

ಫಂಡಿನವರು ಕಾಲಕಾಲಕ್ಕೆ ಲೆಕ್ಕ ಹೊರಗೆ ಹಾಕುತ್ತಾರೆ. ನಮ್ಮ ಮಕ್ಕಳು ಮೊಬೈಲಿನಲ್ಲೇ ತೆಗೆದುಕೊಡಬಲ್ಲರು. ನೋಡಬೇಕಾದದ್ದು ನಾಲ್ಕು.

ಒಂದು, ಫಂಡಿನ ಒಟ್ಟು ಗಾತ್ರ. ಒಂದು ತಿಂಗಳದ್ದಲ್ಲ, ಆರು ತಿಂಗಳದ್ದನ್ನು ಸಾಲಾಗಿ ಬರೆದುಕೊಳ್ಳಿ.

ಎರಡು, ಗಾತ್ರ ಇಳಿದಿದ್ದರೆ ಬೆಲೆ ಬಿದ್ದು ಇಳಿಯಿತೋ, ಜನ ಹೋಗಿ ಇಳಿಯಿತೋ ಬೇರೆ ಮಾಡಿ ನೋಡಿ. 1,000 ಕೋಟಿ ಇದ್ದ ಫಂಡು 700 ಕೋಟಿಗೆ ಬಂತು, ಒಂದು ಯೂನಿಟ್ಟಿನ ಬೆಲೆ 20 ರೂಪಾಯಿಯಿಂದ 19 ರೂಪಾಯಿ 80 ಪೈಸೆಗೆ ಬಂತು ಅನ್ನಿ. ಗಾತ್ರವನ್ನು ಬೆಲೆಯಿಂದ ಭಾಗಿಸಿ. ಮೊದಲು 50 ಕೋಟಿ ಯೂನಿಟ್ಟು, ಈಗ 35 ಕೋಟಿ ಚಿಲ್ಲರೆ. ಬೆಲೆ ಬಿದ್ದದ್ದು ನೂರಕ್ಕೆ ಒಂದು, ಯೂನಿಟ್ಟು ಕಡಿಮೆಯಾದದ್ದು ನೂರಕ್ಕೆ ಸುಮಾರು ಮೂವತ್ತು. ಜನ ಹೊರಟಿದ್ದಾರೆ ಅಂತ ಅರ್ಥ. ಬರೀ ಬೆಲೆ ನೋಡಿದವನಿಗೆ ಇದು ಕಾಣುವುದೇ ಇಲ್ಲ.

ಮೂರು, ಹಣ ಯಾರದು ಎಂಬ ಪಟ್ಟಿ. ಕಂಪೆನಿಗಳದು ಎಷ್ಟು, ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳದು ಎಷ್ಟು, ಸಣ್ಣ ಹೂಡಿಕೆದಾರರದು ಎಷ್ಟು ಅಂತ ವಿಂಗಡಿಸಿದ ಲೆಕ್ಕ ಸಿಗುತ್ತದೆ. 2014ರಲ್ಲೇ ಸೆಬಿ ಇದಕ್ಕೆ ಆದೇಶ ಮಾಡಿತ್ತು. ಸ್ಕೀಮಿನಲ್ಲಿ ಕನಿಷ್ಠ 20 ಜನ ಇರಬೇಕು, ಒಬ್ಬನದೇ ನೂರಕ್ಕೆ 25ಕ್ಕಿಂತ ಹೆಚ್ಚು ಇರಬಾರದು ಅಂತ 2003ರಲ್ಲೇ ನಿಯಮ ತಂದಿತ್ತು. ಆದರೆ ನಾಲ್ಕೈದು ಜನ ಸೇರಿ ಅರ್ಧಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಆ ನಿಯಮ ಅಡ್ಡ ಬರುವುದಿಲ್ಲ ಅನ್ನುವುದು ನೆನಪಿರಲಿ.

ನಾಲ್ಕು, ಉಳಿದ ಕಾಗದ ಎಂಥದು. ಸರ್ಕಾರದ ಸಾಲಪತ್ರ, ಮೂರು 'ಎ' ಕಾಗದ ತಿಂಗಳು ತಿಂಗಳಿಗೆ ಕಡಿಮೆಯಾಗುತ್ತಾ ಕೆಳ ದರ್ಜೆಯ ಪಾಲು ಏರುತ್ತಿದ್ದರೆ ಎಚ್ಚರ. 2020ರ ಪ್ರಕರಣ ಆದ ಮೇಲೆ ಅದೇ ನವೆಂಬರಿನಲ್ಲಿ ಸೆಬಿ, ಇಂಥ ಫಂಡುಗಳು ಕನಿಷ್ಠ ನೂರಕ್ಕೆ ಹತ್ತು ಭಾಗವನ್ನು ತಕ್ಷಣ ನಗದಾಗುವ ರೂಪದಲ್ಲಿ ಇಡಬೇಕು ಎಂದು ಆದೇಶ ಮಾಡಿತು. ಪೆಟ್ಟು ಬಿದ್ದ ಮೇಲೆ ಬಂದ ಬುದ್ಧಿ, ಆದರೂ ಒಳ್ಳೆಯದೇ.

ಈ ತೊಂದರೆ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ಥರ್ಡ್ ಅವೆನ್ಯೂ ಎಂಬ ಕಂಪೆನಿಯ ಹೆಚ್ಚು ಬಡ್ಡಿಯ ಸಾಲಪತ್ರ ಫಂಡು 2014ರಲ್ಲಿ 300 ಕೋಟಿ ಡಾಲರ್ ಮೀರಿತ್ತು. ಹಣ ಹೊರಗೆ ಹೋಗುತ್ತಾ ಹೋಗುತ್ತಾ 2015ರ ಡಿಸೆಂಬರಿನಲ್ಲಿ 80 ಕೋಟಿ ಡಾಲರಿಗೂ ಕೆಳಗೆ ಬಂದು, ಬಾಗಿಲು ಹಾಕಿತು. ಕಡೇವರೆಗೆ ಉಳಿದವರು ಒಳಗೇ ಉಳಿದರು. ಅಲ್ಲಿ 10 ಕೋಟಿ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಮೊತ್ತದ ಷೇರುಗಳನ್ನು ನಿರ್ವಹಿಸುವ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ತಮ್ಮ ಪಟ್ಟಿಯನ್ನು ಸರ್ಕಾರದ ಆಯೋಗಕ್ಕೆ ಕೊಡಬೇಕು. 'ಥರ್ಟೀನ್ ಎಫ್' ಅಂತ ಅದರ ಹೆಸರು. ಷೇರುಪೇಟೆಯಲ್ಲಿ ವಹಿವಾಟಾಗುವ ಸಾಲಪತ್ರ ಫಂಡುಗಳನ್ನು ಯಾವ ಸಂಸ್ಥೆ ಎಷ್ಟು ಇಟ್ಟುಕೊಂಡಿದೆ ಅಂತ ಅದರಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಪಟ್ಟಿ ಕೊಡಲು 45 ದಿನ ಅವಕಾಶವಿದೆ. ನಾವು ನೋಡುವ ಹೊತ್ತಿಗೆ ಅದು ಹಳೆಯ ಸುದ್ದಿ. ಹೋದ ವಾರದ ಮಳೆ ನೋಡಿ ಈ ವಾರ ಬಿತ್ತಿದ ಹಾಗೆ ಆಗಬಾರದು.

ಇನ್ನೊಂದು ಎಚ್ಚರಿಕೆ. ದೊಡ್ಡವರು ಹೋದರು ಅಂದ ಮಾತ್ರಕ್ಕೆ ಫಂಡು ಕೆಟ್ಟಿತು ಅಂತ ತೀರ್ಮಾನ ಮಾಡಬೇಡಿ. ಮಾರ್ಚ್ ತಿಂಗಳಲ್ಲಿ ಮುಂಗಡ ತೆರಿಗೆ ಕಟ್ಟಲು ಕಂಪೆನಿಗಳು ಹಣ ತೆಗೆದು ಏಪ್ರಿಲಿನಲ್ಲಿ ಮತ್ತೆ ಇಡುವುದುಂಟು. ಹಾಗೇ ದೊಡ್ಡವರು ಇದ್ದಾರೆ ಅಂದ ಮಾತ್ರಕ್ಕೆ ಭದ್ರ ಅಂತಲೂ ಅಲ್ಲ. ಅವರಿಗೆ ಲೆಕ್ಕ ನೋಡಲು ಪಗಾರದ ಜನ ಇದ್ದಾರೆ, ಹೊರಡಬೇಕಾದ ದಿನ ಅವರು ನಮಗೆ ಹೇಳಿ ಹೊರಡುವುದಿಲ್ಲ. ಆದ್ದರಿಂದ ನಾಲ್ಕನ್ನೂ ಸೇರಿಸಿ ನೋಡಿ. ಅದನ್ನು ನೋಡಲು ಪುರುಸೊತ್ತಿಲ್ಲ, ಮನಸ್ಸಿಲ್ಲ ಅನ್ನುವವರು ಆ ಹೆಚ್ಚಿನ ಎರಡು ಪರ್ಸೆಂಟಿನ ಆಸೆ ಬಿಡುವುದೇ ಕ್ಷೇಮ. ವರ್ಷದೊಳಗೆ ಬೇಕಾಗುವ ಹಣವನ್ನಂತೂ ಯಾರೇ ಹೇಳಲಿ, ಅಲ್ಲಿ ಇಡಬೇಡಿ.

ನಮ್ಮ ಸಂಘಕ್ಕೂ ಇದೇ ಲೆಕ್ಕ

ಬೇರೆಯವರ ಮಾತು ಆಯಿತು. ಈಗ ನಮ್ಮ ಮನೆಯ ಮಾತು. ನಮ್ಮ ಸಂಘವೂ ಠೇವಣಿ ತೆಗೆದುಕೊಂಡು ಸಾಲ ಕೊಡುವ ಸಂಸ್ಥೆಯೇ. ಠೇವಣಿ ಯಾವಾಗ ಬೇಕಾದರೂ ಕೇಳಬಹುದು, ಸಾಲ ಮಾತ್ರ ಬೆಳೆ ಬಂದ ಮೇಲೆ ವಸೂಲಾಗಬೇಕು. 2020ರ ಫೆಬ್ರವರಿಯಲ್ಲಿ ಬ್ಯಾಂಕ್ ಠೇವಣಿ ವಿಮೆಯನ್ನು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಆ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೂ ಸಹ ಉಂಟು. ಆದರೆ ನಮ್ಮಂಥ ಪ್ರಾಥಮಿಕ ಸಂಘದ ಠೇವಣಿಗೆ ಇಲ್ಲ. ಇದನ್ನು ಮುಚ್ಚಿಟ್ಟು ನಾನು ಫಂಡಿನವರ ಬಗ್ಗೆ ಮಾತಾಡಿದರೆ ಅದು ಸರಿಯಲ್ಲ. ನಮ್ಮ ಭದ್ರತೆ ಅಂದರೆ ನಮ್ಮ ಆಪದ್ಧನ, ನಮ್ಮ ವಸೂಲಾತಿ, ನಮ್ಮ ಲೆಕ್ಕಪರಿಶೋಧನೆ, ನಿಮ್ಮ ಕಣ್ಣು.

ಅದಕ್ಕೆ ಈ ಬೆಳ್ಳಿಹಬ್ಬದ ವರ್ಷದಲ್ಲಿ ಆಡಳಿತ ಮಂಡಳಿಯ ಮುಂದೆ, ನಿಮ್ಮೆಲ್ಲರ ಮುಂದೆ ಒಂದು ಸಲಹೆ ಇಡುತ್ತೇನೆ. ಇನ್ನು ಮುಂದೆ ನಮ್ಮ ವಾರ್ಷಿಕ ವರದಿಯಲ್ಲಿ ಮೂರು ಸಾಲು ಹೆಚ್ಚಾಗಿ ಅಚ್ಚಾಗಲಿ. ಒಟ್ಟು ಠೇವಣಿಯಲ್ಲಿ ಅತಿ ದೊಡ್ಡ ಹತ್ತು ಠೇವಣಿದಾರರದು ನೂರಕ್ಕೆ ಎಷ್ಟು, ಹಿಂದಿನ ವರ್ಷ ಎಷ್ಟಿತ್ತು, ಕೂಡಲೇ ಕೊಡಲು ಡಿ.ಸಿ.ಸಿ. ಬ್ಯಾಂಕಿನಲ್ಲಿ ನಮ್ಮ ಹಣ ಎಷ್ಟಿದೆ. ಯಾರ ಹೆಸರೂ ಬೇಡ, ಅಂಕಿ ಸಾಕು. ಆ ಹತ್ತು ಜನರ ಪಾಲು ವರ್ಷ ವರ್ಷ ಏರುತ್ತಿದ್ದರೆ, ಮಹಾಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ನಿಮಗಿದೆ. ಊಟ ಆಯಿತು ಅಂತ ಎದ್ದು ಹೋಗಬೇಡಿ, ಕೇಳಿ. ಉತ್ತರ ಕೊಡುವುದು ನಮ್ಮ ಕರ್ತವ್ಯ.

ಸಾವಿರ ರೂಪಾಯಿ ಇಟ್ಟ ಅಜ್ಜಿಗೂ, ಹತ್ತು ಲಕ್ಷ ಇಟ್ಟ ಯಜಮಾನರಿಗೂ ಒಂದೇ ದಿನ, ಒಂದೇ ರೀತಿ ಸುದ್ದಿ ಗೊತ್ತಾಗಬೇಕು. ಸಹಕಾರ ಅಂದರೆ ಅದೇ ಅಲ್ಲವೆ?



ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.