ತಜ್ಞರ ಮಾತು ಶಾಸಕರಿಗೆ ಕನ್ನಡದಲ್ಲಿ ಮುಟ್ಟಲಿ!

(ಮಾಗಡಿಯ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಪಿಯುಸಿ ಓದಿದವನು, ಪ್ರೆಸ್ ನಡೆಸುವವನು. ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರೂ ನನ್ನ ಬಾಗಿಲಿಗೆ ಬರುತ್ತಾರೆ. ಕರಪತ್ರ ಅಚ್ಚಗನ್ನಡದಲ್ಲೇ ಬೇಕು! ಗೆದ್ದ ಮೇಲೆ? ನೀರು, ಕಾಡು, ಕರೆಂಟಿನ ಬಗ್ಗೆ ತಜ್ಞರು ಕೊಟ್ಟ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಕೊಡಿ ಎಂದು ಇವತ್ತಿನವರೆಗೆ ಒಬ್ಬರೂ ಬಂದಿಲ್ಲ.

ನಮ್ಮ ತಾಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯವನ್ನೇ ನೋಡಿ. ಅರ್ಕಾವತಿ, ಕುಮುದ್ವತಿ ನದಿಗಳು ಸೇರುವಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ್ದು. ಬೆಂಗಳೂರು ದಶಕಗಳ ಕಾಲ ಕುಡಿದದ್ದು ಈ ನೀರನ್ನು. ಜಲಾನಯನ ಪ್ರದೇಶ ಕೆಡುತ್ತಿದೆ ಎಂದು ತಜ್ಞರು ಎಚ್ಚರಿಸಿದ ಮೇಲೆ 2003ರಲ್ಲಿ ಸರ್ಕಾರ ಅಲ್ಲಿನ ಕಟ್ಟಡ, ಕೈಗಾರಿಕೆಗಳಿಗೆ ಕಡಿವಾಣ ಹಾಕಿತು. 2019ರಲ್ಲಿ ಅದೇ ಕಡಿವಾಣ ಸಡಿಲಿಸಿತು. ಹಾಕಿದ್ದೇಕೆ, ಸಡಿಲಿಸಿದ್ದೇಕೆ? ನದಿ ದಂಡೆಯ ರೈತನನ್ನು ಕೂರಿಸಿಕೊಂಡು ಅವನ ಭಾಷೆಯಲ್ಲಿ ಹೇಳಿದವರು ಯಾರು?

ಪಶ್ಚಿಮಘಟ್ಟದ ಕಥೆಯೂ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಕೇಂದ್ರಕ್ಕೆ ವರದಿ ಕೊಟ್ಟಿತು. ಕೇಂದ್ರ ಮುಚ್ಚಿಟ್ಟಿತು. ದೆಹಲಿ ಹೈಕೋರ್ಟ್ ಹೇಳಿದ ಮೇಲೆ 2012ರಲ್ಲಿ ಹೊರಬಂತು, ಅದೂ ಇಂಗ್ಲಿಷಿನಲ್ಲಿ! ಜನರ ಭಾಷೆಗೆ ತಂದು ಗ್ರಾಮಸಭೆಗಳ ಮುಂದಿಡಿ ಎಂದು ಗಾಡ್ಗೀಳರೇ ಕೇಳಿದ್ದರು. ಮಲೆನಾಡಿನ ಹಳ್ಳಿಗಳಿಗೆ ವರದಿಗಿಂತ ಮೊದಲು ಗಾಳಿಸುದ್ದಿ ಮುಟ್ಟಿತು. ಶಾಸಕರು ಆ ಗಾಳಿ ಬೀಸಿದ ಕಡೆಗೇ ಮಾತಾಡಿದರು.

ಬ್ರಿಟನ್ನಿನ ಸಂಸತ್ತಿನಲ್ಲಿ 1989ರಿಂದ ವಿಜ್ಞಾನ ತಂತ್ರಜ್ಞಾನಕ್ಕೆಂದೇ ಒಂದು ಕಚೇರಿ ಇದೆ. ಯಾವ ಪಕ್ಷದ ಕಡೆಗೂ ವಾಲದೆ, ನಾಲ್ಕಾರು ಪುಟಗಳಲ್ಲಿ ವಿಷಯ ಬಿಡಿಸಿ ಸದಸ್ಯರ ಕೈಗಿಡುತ್ತದೆ. ಅವರದೇ ಭಾಷೆಯಲ್ಲಿ! ನಮ್ಮಲ್ಲೂ 1975ರಿಂದ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. ಆದರೆ ಅದು ಇರುವುದು ಸರ್ಕಾರಕ್ಕಾಗಿ. ವಿಧಾನಸಭೆಯಲ್ಲಿ ಕೈ ಎತ್ತುವ 224 ಶಾಸಕರಿಗೆ ಬೇಡವೇ?

ವಿಜ್ಞಾನ ಕನ್ನಡಕ್ಕೆ ಒಗ್ಗುವುದಿಲ್ಲ ಎನ್ನುವವರು ಇದ್ದಾರೆ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಯಾವ ಭಾಷೆಯಲ್ಲಿ ಬರೆದರು ಸ್ವಾಮಿ?

ನಮ್ಮ ಬೇಡಿಕೆ ಎರಡೇ. ಮಸೂದೆ ಮತಕ್ಕೆ ಬರುವ ಮೊದಲು ತಜ್ಞರ ವರದಿಯ ಕನ್ನಡ ಸಾರಾಂಶ ಪ್ರತಿ ಶಾಸಕರ ಮೇಜಿನ ಮೇಲಿರಬೇಕು. ಅದೇ ಪ್ರತಿ ಗ್ರಾಮ ಪಂಚಾಯಿತಿಗೂ ಬರಬೇಕು. ಕನ್ನಡ ಆಡಳಿತ ಭಾಷೆ ಎಂದು 1963ರಲ್ಲೇ ಕಾಯಿದೆ ಆಗಿದೆ. ನಾವು ಭಿಕ್ಷೆ ಬೇಡುತ್ತಿಲ್ಲ!

ತಮ್ಮಂದಿರೇ, ತಂಗಿಯರೇ, ಕಂಪ್ಯೂಟರು ಕಲಿತವರು ನೀವು. ಶಾಸಕರು ಬಂದಾಗ ಹಾರ ಹಾಕುವ ಮೊದಲು ಒಂದು ಪ್ರಶ್ನೆ ಹಾಕಿ: “ತಜ್ಞರು ಏನು ಹೇಳಿದ್ದಾರೆ? ಓದಿದ್ದೀರಾ?”

ಸಿರಿಗನ್ನಡಂ ಗೆಲ್ಗೆ!